ಗೌರಿ ಹೂವಿನ ಗೆಡ್ಡೆಯೂ ರಸಾಯನಜ್ಞನ ಕತ್ತರಿಯೂ
(ಬಾನುಲಿ ಭಾಷಣ)

ಗೌರಿ ಹಬ್ಬಕ್ಕೆ ಇನ್ನೂ ಹದಿನೈದು ದಿನಗಳಿರುವಾಗಲೇ ಮೈಸೂರಿನ ಹೊರವಲಯದ ಬೇಲಿಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿ ನೋಡಿ. ಕತ್ತಾಳೆ ಲಂಟಾನಗಳ ನಡುವೆ ಒಂದು ಬಳ್ಳಿ, ತನ್ನ ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು, ಸಿಕ್ಕಿದ ಕಡ್ಡಿಯನ್ನು ಹಿಡಿದು ಮೇಲೇರಿರುವುದು ಕಾಣುತ್ತದೆ. ಅದರ ಹೂವಿನ ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಂತಿರುತ್ತವೆ. ಅಂಚು ಅಲೆಯಲೆಯಾಗಿ, ಬುಡ ಹಳದಿಯಾಗಿ, ತುದಿ ಕೆಂಪಾಗಿ. ಉರಿಯುವ ಒಲೆಯ ನಾಲಗೆಗಳನ್ನು ಯಾರೋ ತಂದು ಬಳ್ಳಿಗೆ ಕಟ್ಟಿದಂತೆ. ಅಗ್ನಿಶಿಖೆ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಮಲೆನಾಡಿನವರಿಗೆ ಇದೇ ಗೌರಿ ಹೂವು. ಇನ್ನು ಕೆಲವೆಡೆ ಕೋಳಿಕುಟುಮ. ನೆಲದೊಳಗಿನ ಗೆಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಲಾಂಗಲಿ ಎಂದು ಕರೆದು, ಉಪವಿಷಗಳ ಸಾಲಿನಲ್ಲಿ ಸೇರಿಸಿದುವು. ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಗ್ಲೋರಿಯೋಸ ಸುಪರ್ಬ.

ಕೆಲವು ವರ್ಷಗಳ ಹಿಂದಿನ ಮಾತು. ಹೆಗ್ಗಡದೇವನಕೋಟೆಯ ಕಡೆಯ ರೈತರೊಬ್ಬರು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆಂಟರು, ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರೊಳಗೆ ಮಣ್ಣು ಮೆತ್ತಿದ ನಾಲ್ಕಾರು ಗೆಡ್ಡೆಗಳು. ಅವರ ತಾಯಿಗೆ ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಲ್ಲಿ ಅರ್ಬುದ ಕಾಣಿಸಿಕೊಂಡಿತ್ತು. ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ನರಕ್ಕೆ ಔಷಧ ಕೊಡುತ್ತಿದ್ದರು. ಆಕೆಯ ಕೂದಲು ಉದುರಿತ್ತು, ಬೆರಳುಗಳ ತುದಿ ಜೋಮು ಹಿಡಿದಿತ್ತು.

"ಇದರೊಳಗೆ ಕ್ಯಾನ್ಸರಿನ ಔಷಧಿ ಐತೆ ಅಂತ ಪೇಪರ್‌ನಲ್ಲಿ ಬರ್ದವ್ರೆ. ಗಡ್ಡೆಗೆ ಗಡ್ಡೆನೇ ಮದ್ದಲ್ವಾ ಮೇಷ್ಟ್ರೇ? ಅವ್ವನಿಗೆ ಎಷ್ಟು ತೇಯ್ದು ಕೊಡ್ಲಿ, ಅಷ್ಟು ಹೇಳಿ ಸಾಕು" ಎಂದರು.

ನಮ್ಮ ಭಾಷೆಯಲ್ಲಿ ನೆಲದೊಳಗಿನ ಗಡ್ಡೆಗೂ ದೇಹದೊಳಗಿನ ಗಡ್ಡೆಗೂ ಒಂದೇ ಮಾತು. ಆ ಮಾತಿನ ಬಲವೇ ಅವರನ್ನು ನಲವತ್ತು ಮೈಲಿ ದೂರ ಕರೆತಂದಿತ್ತೋ ಏನೋ. ಒಂದು ಚೂರನ್ನೂ ಕೊಡಕೂಡದು ಎಂದು ಹೇಳಲು ನನಗೆ ಅರೆನಿಮಿಷವೂ ಬೇಕಾಗಲಿಲ್ಲ. ಏಕೆ ಕೊಡಕೂಡದು ಎಂಬುದನ್ನು ತಿಳಿಯಹೇಳಲು ಆ ಮಧ್ಯಾಹ್ನವೆಲ್ಲ ಹಿಡಿಯಿತು. ಏಕೆಂದರೆ ಪತ್ರಿಕೆ ಬರೆದುದು ಸುಳ್ಳಾಗಿರಲಿಲ್ಲ, ಅವರು ಊಹಿಸಿದುದೂ ಪೂರ್ತಿ ತಪ್ಪಾಗಿರಲಿಲ್ಲ. ಇಂದು ಆ ಮಧ್ಯಾಹ್ನದ ವಿವರಣೆಯನ್ನೇ ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಈ ಗೆಡ್ಡೆಯಲ್ಲಿರುವ ವಿಷದ ಹೆಸರು ಕಾಲ್ಚಿಸೀನ್. ಅದು ಮೊದಲು ದೊರೆತುದು ನಮ್ಮ ಬಳ್ಳಿಯಿಂದಲ್ಲ; ಯೂರೋಪಿನ ಹುಲ್ಲುಗಾವಲುಗಳಲ್ಲಿ ಶರತ್ಕಾಲದಲ್ಲಿ ಅರಳುವ ಕಾಲ್ಚಿಕಂ ಎಂಬ ಗಿಡದಿಂದ. ಕಪ್ಪುಸಮುದ್ರದ ತೀರದ ಕಾಲ್ಚಿಸ್ ದೇಶ, ಗ್ರೀಕರ ಪುರಾಣದಲ್ಲಿ ಮಾಯಾವಿನಿ ಮೀಡಿಯಾಳ ತವರು. ವಿಷಗಳ ವಿದ್ಯೆಗೆ ಹೆಸರಾದ ಆ ನಾಡಿನಿಂದಲೇ ಗಿಡಕ್ಕೆ ಹೆಸರು ಬಂದಿತು. 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕವಾಂತೂ ಅದರ ಸಾರವನ್ನು ಬೇರ್ಪಡಿಸಿದರು. 1833ರಲ್ಲಿ ಜರ್ಮನಿಯ ಗೈಗರ್ ಅದಕ್ಕೆ ಕಾಲ್ಚಿಸೀನ್ ಎಂದು ಹೆಸರಿಟ್ಟನು. ಕಾಲ್ಬೆರಳ ಕೀಲು ಬಾತು ಕೆಂಪೇರುವ ಗೌಟ್ ಎಂಬ ಬೇನೆಗೆ ಈ ಗಿಡ ಬಹು ಹಳೆಯ ಮದ್ದು. ಇಂದಿಗೂ ವೈದ್ಯರು ಆ ಬೇನೆಗೆ ಕಾಲ್ಚಿಸೀನ್ ಗುಳಿಗೆ ಬರೆಯುತ್ತಾರೆ. ಒಂದು ಗುಳಿಗೆಯಲ್ಲಿರುವುದು ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ.

ಈಗ ಲೆಕ್ಕ ನೋಡಿ. ನಮ್ಮ ಗೌರಿ ಹೂವಿನ ಒಣ ಗೆಡ್ಡೆ ನೂರು ಗ್ರಾಮಿನಲ್ಲಿ ಸುಮಾರು 100ರಿಂದ 300 ಮಿಲಿಗ್ರಾಂ ಕಾಲ್ಚಿಸೀನ್ ಇರುತ್ತದೆ. ಬೀಜದಲ್ಲಿ ಇನ್ನೂ ಹೆಚ್ಚು. ನೆಲ, ಕಾಲ, ಗಿಡದ ವಯಸ್ಸು ಇವುಗಳಿಗೆ ತಕ್ಕಂತೆ ಈ ಪ್ರಮಾಣ ಏರಿಳಿಯುತ್ತದೆ. ಹತ್ತು ಗ್ರಾಂ ತೇಯ್ದರೆ ಹತ್ತು ಮಿಲಿಗ್ರಾಂ ಬಂದೀತು, ಮೂವತ್ತೂ ಬಂದೀತು. ಏಳು ಮಿಲಿಗ್ರಾಮಿಗೇ ಮನುಷ್ಯರು ಸತ್ತ ದಾಖಲೆಗಳುಂಟು. ಗೆಣಸೆಂದು ಭ್ರಮಿಸಿ ಇದನ್ನು ಬೇಯಿಸಿ ತಿಂದವರ ಕಥೆ ನಮ್ಮ ದೇಶದ ಆಸ್ಪತ್ರೆಗಳಿಗೆ ಹೊಸದಲ್ಲ. ತಿಂದ ಕೆಲವು ಗಂಟೆಗಳವರೆಗೆ ಏನೂ ತೋರುವುದಿಲ್ಲ. ಆಮೇಲೆ ಕಾಲರಾ ಬಂದಂತೆ ವಾಂತಿ, ಭೇದಿ. ಎರಡನೆಯ ದಿನದಿಂದ ಮೂಳೆಯೊಳಗಿನ ಮಜ್ಜೆ ರಕ್ತಕಣಗಳನ್ನು ಹುಟ್ಟಿಸುವುದನ್ನು ನಿಲ್ಲಿಸುತ್ತದೆ. ಹೃದಯ, ಮೂತ್ರಪಿಂಡ ಒಂದೊಂದಾಗಿ ಸೋಲುತ್ತವೆ. ಅದೃಷ್ಟದಿಂದ ಬದುಕಿ ಉಳಿದವರಿಗೆ ಎರಡು ವಾರಗಳು ಕಳೆದಮೇಲೆ ತಲೆಗೂದಲು ಉದುರತೊಡಗುತ್ತದೆ.

ತಲೆಗೂದಲು ಉದುರುವುದು. ಅರ್ಬುದಕ್ಕೆ ಚಿಕಿತ್ಸೆ ಪಡೆಯುವವರಲ್ಲಿ ನಾವು ಕಾಣುವುದೂ ಇದನ್ನೇ ಅಲ್ಲವೆ? ಎರಡರ ಕಾರಣವೂ ಒಂದೇ. ಕೂದಲ ಬುಡ, ಕರುಳಿನ ಒಳಪೊರೆ, ಮೂಳೆಯ ಮಜ್ಜೆ ಇವು ದೇಹದಲ್ಲಿ ಎಡೆಬಿಡದೆ ಜೀವಕೋಶಗಳು ಒಡೆದು ಎರಡಾಗುತ್ತಿರುವ ಸ್ಥಳಗಳು. ಒಡೆಯುವ ಕೋಶವನ್ನು ತಡೆಯುವ ಯಾವ ವಸ್ತುವೇ ಆಗಲಿ ಮೊದಲು ಪೆಟ್ಟು ಹಾಕುವುದು ಇಲ್ಲಿಗೆ. ಅರ್ಬುದದ ಕೋಶಗಳೂ ಹಾಗೆಯೇ ಅಂಕೆಯಿಲ್ಲದೆ ಒಡೆಯುವುವಾದ್ದರಿಂದ ಪೆಟ್ಟು ಅವುಗಳಿಗೂ ತಗಲುತ್ತದೆ. ಅಂದಮೇಲೆ ಕಾಲ್ಚಿಸೀನಿನಲ್ಲಿ ಕೊಲ್ಲುವ ಗುಣ ಬೇರೆ, ಕಾಯುವ ಗುಣ ಬೇರೆ ಎಂದಿಲ್ಲ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಕೋಶದ ಒಳಕ್ಕೆ ಇಳಿಯಬೇಕು. ಒಂದು ಕೋಶ ಎರಡಾಗುವ ಮುನ್ನ ತನ್ನ ವರ್ಣತಂತುಗಳನ್ನು ಇಮ್ಮಡಿ ಮಾಡಿಕೊಂಡು, ಅವನ್ನು ಎರಡು ಪಾಲಾಗಿ ಎರಡು ತುದಿಗೆ ಎಳೆಯುತ್ತದೆ. ಎಳೆಯುವ ಹಗ್ಗಗಳ ಕಟ್ಟು ನೂಲುವ ಕದಿರಿನ ಆಕಾರದಲ್ಲಿರುತ್ತದೆ. ಆ ಹಗ್ಗಗಳೋ, ಒಳಗೆ ಟೊಳ್ಳಾದ ಅತಿಸೂಕ್ಷ್ಮ ನಳಿಗೆಗಳು. ಟ್ಯೂಬುಲಿನ್ ಎಂಬ ಪ್ರೋಟೀನಿನ ಇಟ್ಟಿಗೆಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ಕುಳಿತು ನಳಿಗೆಯಾಗುತ್ತವೆ. ಕೆಲಸ ಮುಗಿದೊಡನೆ ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತವೆ. ಪ್ರತಿ ಇಟ್ಟಿಗೆಯೂ ಎರಡು ಅರ್ಧಗಳ ಜೋಡಿ. ಆ ಎರಡು ಅರ್ಧಗಳು ಕೂಡುವ ಸಂದಿನಲ್ಲಿ ಒಂದು ಪೊಟರೆಯಿದೆ. ಕಾಲ್ಚಿಸೀನ್ ಹೋಗಿ ಕೂರುವುದು ಅಲ್ಲಿ. 2004ರಲ್ಲಿ ಕ್ಷಕಿರಣಗಳ ನೆರವಿನಿಂದ ಈ ಪೊಟರೆಯ ಚಿತ್ರ ದೊರೆತಾಗ ಸಂಗತಿ ಸ್ಪಷ್ಟವಾಯಿತು: ಕಾಲ್ಚಿಸೀನ್ ಕುಳಿತ ಇಟ್ಟಿಗೆ ಬಾಗಿದಂತೆಯೇ ಉಳಿಯುತ್ತದೆ, ನೆಟ್ಟಗಾಗಲಾರದು. ಸೊಟ್ಟ ಇಟ್ಟಿಗೆಯಿಂದ ಗೋಡೆ ಏಳುವುದು ಹೇಗೆ? ಕದಿರು ಕಟ್ಟುವುದಿಲ್ಲ, ವರ್ಣತಂತುಗಳು ನಡುದಾರಿಯಲ್ಲಿ ನಿಂತುಬಿಡುತ್ತವೆ, ಕೋಶ ಕೊನೆಗೆ ಸಾಯುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ವರ್ಣತಂತುಗಳು ಹೀಗೆ ನಡುದಾರಿಯಲ್ಲಿ ನಿಲ್ಲುವುದು ಅವನ್ನು ಎಣಿಸುವವರಿಗೆ ವರವಾಯಿತು. ಮನುಷ್ಯನಲ್ಲಿ ವರ್ಣತಂತುಗಳು ನಲವತ್ತೆಂಟಲ್ಲ, ನಲವತ್ತಾರು ಎಂದು 1956ರಲ್ಲಿ ಚಿಯೋ ಮತ್ತು ಲೆವಾನ್ ಕಂಡುಕೊಂಡದ್ದು ಕಾಲ್ಚಿಸೀನಿನ ಸಹಾಯದಿಂದಲೇ. ಗಿಡಗಳಲ್ಲಿ ಇನ್ನೊಂದು ವಿನೋದ. ತಂತುಗಳು ಇಮ್ಮಡಿಯಾಗಿಯೂ ಕೋಶ ಒಡೆಯದೆ ಉಳಿದು, ಇಡೀ ಗಿಡವೇ ನಾಲ್ಮಡಿ ತಂತುಗಳದ್ದಾಗಿ ಬೆಳೆಯುವುದುಂಟು. ರೇಷ್ಮೆಯ ನಾಡಾದ ನಮ್ಮಲ್ಲಿ ಹಿಪ್ಪುನೇರಳೆಯ ಹೊಸ ತಳಿಗಳನ್ನು ಅರಸುವವರಿಗೆ ಮೊಳಕೆಯ ಮೇಲೆ ಕಾಲ್ಚಿಸೀನ್ ಹನಿ ಹಾಕುವ ಈ ಉಪಾಯ ಚೆನ್ನಾಗಿ ಗೊತ್ತು. ಮನುಷ್ಯನನ್ನು ಕೊಲ್ಲುವುದು ಸೊಪ್ಪನ್ನು ದಪ್ಪವಾಗಿಸುತ್ತದೆ!

ಇನ್ನು ಅಣುವಿನ ರಚನೆಗೆ ಬರೋಣ. ಕಾಲ್ಚಿಸೀನಿನ ಒಂದು ಅಣುವಿನಲ್ಲಿ 22 ಇಂಗಾಲ, 25 ಜಲಜನಕ, ಒಂದು ಸಾರಜನಕ, ಆರು ಆಮ್ಲಜನಕ, ಒಟ್ಟು 54 ಪರಮಾಣುಗಳಿವೆ. ಇಂಗಾಲಗಳು ಮೂರು ಉಂಗುರಗಳಾಗಿ ಕೂಡಿಕೊಂಡಿವೆ. ರಸಾಯನಜ್ಞರು ಅವನ್ನು ಎ, ಬಿ, ಸಿ ಎನ್ನುತ್ತಾರೆ. ಎ ಉಂಗುರ ಆರು ಇಂಗಾಲಗಳದ್ದು. ಅದರ ಮೇಲೆ ಅಕ್ಕಪಕ್ಕದಲ್ಲಿ ಮಿಥಾಕ್ಸಿ ಎಂಬ ಮೂರು ಗೊಂಚಲುಗಳು. ಸಿ ಉಂಗುರ ಏಳು ಇಂಗಾಲಗಳದ್ದು. ಇಂತಹ ಉಂಗುರವಿರಬಹುದೆಂದು ಬಹುಕಾಲ ಯಾರಿಗೂ ತೋರಲಿಲ್ಲ. ವಿಂಡಾಸನಂತಹ ಘನವಿದ್ವಾಂಸನೂ ಅದನ್ನು ಆರು ಇಂಗಾಲದ್ದೆಂದೇ ಬಗೆದಿದ್ದನು. 1945ರಲ್ಲಿ ಇಂಗ್ಲೆಂಡಿನ ಡೀವರ್ ಅದು ಏಳರದ್ದೆಂದು ಸೂಚಿಸಿದನು. 1952ರಲ್ಲಿ ಕ್ಷಕಿರಣಗಳು ಆ ಮಾತನ್ನು ದೃಢಪಡಿಸಿದುವು. ನಡುವಿನ ಬಿ ಉಂಗುರವೂ ಏಳರದ್ದೇ. ಅದರ ಮೇಲೆ ಸಾರಜನಕವಿರುವ ಒಂದು ಬಾಲ.

ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವ ಅನುಕೂಲವಿಲ್ಲ. ಆದುದರಿಂದ ನಿಮ್ಮ ಎರಡೂ ಕೈಗಳನ್ನು ಒಂದಿಷ್ಟು ಎರವಲು ಕೇಳುತ್ತೇನೆ. ಎಡ ಅಂಗೈ ಎ ಉಂಗುರ, ಬಲ ಅಂಗೈ ಸಿ ಉಂಗುರವೆಂದು ಭಾವಿಸಿ. ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ, ಅಂಗೈಗಳು ಎಡಕ್ಕೂ ಬಲಕ್ಕೂ ಚಾಚುವಂತೆ ಹಿಡಿಯಿರಿ. ಈಗ ಬಲಗೈಯನ್ನು ಸ್ವಲ್ಪ ತಿರುಚಿ. ಎರಡು ಅಂಗೈಗಳು ಒಂದೇ ಮಟ್ಟದಲ್ಲಿರದೆ, ಫ್ಯಾನಿನ ರೆಕ್ಕೆಗಳಂತೆ ಒಂದಕ್ಕೊಂದು ಸುಮಾರು 50 ಡಿಗ್ರಿಯಷ್ಟು ಓರೆಯಾಗಲಿ. ಕಾಲ್ಚಿಸೀನಿನ ನಿಲುವು ಇದು. ಈ ನಿಲುವು ಸಡಿಲವಾಗದಂತೆ ಎರಡು ಕೈಗಳ ನಡುವೆ ಒಂದು ದಾರ ಬಿಗಿದಿದೆಯೆಂದು ಕಲ್ಪಿಸಿಕೊಳ್ಳಿ. ಮೂರು ಇಂಗಾಲಗಳ ಆ ದಾರವೇ ಬಿ ಉಂಗುರವನ್ನು ಪೂರ್ಣಗೊಳಿಸುವುದು.

ಟ್ಯೂಬುಲಿನ್ನಿನ ಪೊಟರೆ ಬಯಸುವುದು ಈ ಓರೆಯನ್ನು, ಮತ್ತು ಕೈಬೆರಳುಗಳಲ್ಲಿ ಯಾವ ಉಂಗುರ ಯಾವ ಬೆರಳಲ್ಲಿದೆ ಎಂಬ ವಿವರವನ್ನು. ಎಷ್ಟು ಸೂಕ್ಷ್ಮವಾದ ವಿವರವೆಂದು ಒಂದೆರಡು ನಿದರ್ಶನಗಳಿಂದ ಹೇಳುತ್ತೇನೆ. ಸಿ ಉಂಗುರದ ಮೇಲೆ ಒಂದು ಆಮ್ಲಜನಕವೂ ಅದರ ಪಕ್ಕದಲ್ಲಿ ಒಂದು ಮಿಥಾಕ್ಸಿಯೂ ಇವೆ. ಅವೆರಡೂ ತಮ್ಮ ಜಾಗಗಳನ್ನು ಅದಲುಬದಲು ಮಾಡಿಕೊಂಡ ವಸ್ತು ಐಸೊಕಾಲ್ಚಿಸೀನ್. ಪರಮಾಣುಗಳ ಎಣಿಕೆ ಒಂದೇ, ತೂಕ ಒಂದೇ. ಆದರೆ ಪೊಟರೆ ಅದನ್ನು ಸೇರಿಸಿಕೊಳ್ಳುವುದೇ ಇಲ್ಲವೆನ್ನಬಹುದು. ಕಾಲ್ಚಿಸೀನ್ ದ್ರಾವಣವನ್ನು ಬಿಸಿಲಿಗೆ ಇಟ್ಟರೆ ಸಿ ಉಂಗುರ ಒಳಗೊಳಗೇ ಮಡಿಚಿಕೊಂಡು ಲ್ಯೂಮಿಕಾಲ್ಚಿಸೀನ್ ಆಗುತ್ತದೆ. ಅದರಲ್ಲಿಯೂ ಒಂದು ಪರಮಾಣು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ; ಕದಿರನ್ನು ಮುರಿಯುವ ಶಕ್ತಿ ಮಾತ್ರ ಹೋಗಿಬಿಟ್ಟಿರುತ್ತದೆ. ಪದ್ಯದ ಒಂದು ಸಾಲಿನಲ್ಲಿ ಎರಡು ಪದಗಳ ಸ್ಥಾನ ಬದಲಾದರೆ ಛಂದಸ್ಸು ಕೆಡುವುದನ್ನು ಬಲ್ಲ ನಿಮಗೆ ಇದು ವಿಚಿತ್ರವೆನಿಸಲಾರದು.

ಹಾಗಾದರೆ ದಾರದ ಗತಿಯೇನು? ಅದೂ ಅಷ್ಟೇ ಅಗತ್ಯವೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮ ದೇಶದವರೂ ಇದ್ದಾರೆಂಬುದು ಹೆಮ್ಮೆಯ ಸಂಗತಿ. ಕಾಲ್ಚಿಸೀನ್ ನೀರಿನಲ್ಲಿದ್ದಾಗ ಮಂಕಾಗಿರುತ್ತದೆ; ಟ್ಯೂಬುಲಿನ್ನಿಗೆ ಅಂಟಿಕೊಂಡೊಡನೆ, ಅತಿನೇರಳೆ ಬೆಳಕು ಬಿದ್ದರೆ ಹೊಳೆಯುತ್ತದೆ. ಭವತಾರಕ ಭಟ್ಟಾಚಾರ್ಯರು ಅಮೆರಿಕದಲ್ಲಿದ್ದಾಗ ವುಲ್ಫ್ ಅವರೊಡನೆ 1974ರಲ್ಲಿ ಇದನ್ನು ಪ್ರಕಟಿಸಿದರು. ಆ ಹೊಳಪು ಯಾವಾಗ ಮೂಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತ ಕುಳಿತರೆ ಅಣು ಪೊಟರೆಯೊಳಗೆ ಹೋಗುವುದನ್ನೂ ಬರುವುದನ್ನೂ ಕಣ್ಣಾರೆ ಕಂಡಂತೆಯೇ ಸರಿ. ಮುಂದೆ ಕಲ್ಕತ್ತೆಯ ಬೋಸ್ ಸಂಸ್ಥೆಯಲ್ಲಿ ಅವರು ತಮ್ಮ ಸಂಗಡಿಗರೊಡನೆ ಬಿ ಉಂಗುರದ ಪಾತ್ರವನ್ನೇ ಹಿಡಿದು ಪರೀಕ್ಷಿಸಿದರು. ಆ ಕೆಲಸ 1981ರಲ್ಲಿ ಹೊರಬಂದಿತು. ಬಿ ಉಂಗುರವಾಗಲಿ ಅದರ ಮೇಲಿನ ಬಾಲವಾಗಲಿ ಇಲ್ಲದಿದ್ದರೂ ಅಣು ಟ್ಯೂಬುಲಿನ್ನಿಗೆ ಅಂಟುತ್ತದೆ. ಅಂಟುವ ರೀತಿ ಮಾತ್ರ ಬೇರೆ. ದಾರವಿರುವ ಕಾಲ್ಚಿಸೀನ್ ನಿಧಾನವಾಗಿ ಬಂದು ಕೂರುತ್ತದೆ. ಕುಳಿತಮೇಲೆ ಗಂಟೆಗಟ್ಟಲೆ ಏಳುವುದಿಲ್ಲ. ದಾರ ಕತ್ತರಿಸಿದ ಅಣು ಬೇಗ ಬಂದು ಕೂರುತ್ತದೆ, ಬೇಗ ಎದ್ದು ಹೋಗುತ್ತದೆ.

ಈ ಒಂದು ಮಾತನ್ನು ನೀವು ದಯವಿಟ್ಟು ನೆನಪಿನಲ್ಲಿಡಬೇಕು. ಅಣುವನ್ನು ಸರಳಗೊಳಿಸಿದಾಗ ವಿಷ ಹೋಗಲಿಲ್ಲ. ವಿಷ ಎಷ್ಟು ಹೊತ್ತು ಹಿಡಿದುಕೊಂಡಿರುತ್ತದೆ ಎಂಬುದು ಬದಲಾಯಿತು. ಹಿಡಿದು ಬಿಡದ ವಿಷದ ಅಳತೆ ತಪ್ಪಿದರೆ ಹಿಂದಿರುಗುವ ದಾರಿಯಿಲ್ಲ; ಬಿಡುವ ವಿಷವನ್ನು ವೈದ್ಯನು ಇಂದು ಕೊಟ್ಟು, ನಾಳೆ ನಿಲ್ಲಿಸಬಹುದು.

ಮನುಷ್ಯರು ದಾರ ಕತ್ತರಿಸುವ ಮೊದಲೇ ನಿಸರ್ಗ ಬೇರೊಂದು ಕಡೆ ಅದಿಲ್ಲದ ಅಣುವನ್ನು ಮಾಡಿಟ್ಟಿತ್ತು. ದಕ್ಷಿಣ ಆಫ್ರಿಕದಲ್ಲಿ ಕಾಂಬ್ರಿಟಂ ಕ್ಯಾಫ್ರಂ ಎಂಬ ಮರವಿದೆ. ನಮ್ಮ ಅಳಲೆ, ತಾರೆ, ಮತ್ತಿ ಮರಗಳ ಕುಟುಂಬಕ್ಕೇ ಸೇರಿದುದು. ಅಮೆರಿಕದ ಅರಿಜೋನ ಸ್ಟೇಟ್ ವಿಶ್ವವಿದ್ಯಾನಿಲಯದ ಪೆಟಿಟ್ ಎಂಬ ರಸಾಯನಜ್ಞರು ಅದರ ತೊಗಟೆ ಕಟ್ಟಿಗೆಗಳಿಂದ 1982ರಲ್ಲಿ ಒಂದು ವಸ್ತುವನ್ನೂ, 1989ರಲ್ಲಿ ಅದಕ್ಕಿಂತ ಬಲವಾದ ಇನ್ನೊಂದನ್ನೂ ಪಡೆದರು. ಎರಡನೆಯದರ ಹೆಸರು ಕಾಂಬ್ರಿಟಾಸ್ಟಾಟಿನ್ ಎ-4. ಇದರಲ್ಲಿ ಪರಮಾಣುಗಳು 43 ಮಾತ್ರ. ಸಾರಜನಕವಿಲ್ಲ, ಏಳರ ಉಂಗುರಗಳಿಲ್ಲ. ಆರು ಇಂಗಾಲಗಳ ಎರಡು ಉಂಗುರಗಳು. ಒಂದರ ಮೇಲೆ ಕಾಲ್ಚಿಸೀನಿನಲ್ಲಿದ್ದ ಮೂರು ಮಿಥಾಕ್ಸಿಗಳೇ. ಎರಡರ ನಡುವೆ ಎರಡು ಇಂಗಾಲಗಳ ಒಂದು ಗಟ್ಟಿ ಸೇತುವೆ. ಕಾಲ್ಚಿಸೀನನ್ನು ತಿಳಿದವನೊಬ್ಬ ಬೇಡದುದನ್ನೆಲ್ಲ ಕೆತ್ತಿ ತೆಗೆದಂತಿದೆ ಈ ಅಣು. ಅದು ಹೋಗಿ ಕೂರುವ ಪೊಟರೆಯೂ ಅದೇ.

ಆದರೆ ಆ ಸೇತುವೆಯಲ್ಲಿ ಒಂದು ಕುತ್ತು ಉಂಟು. ಎರಡು ಉಂಗುರಗಳು ಸೇತುವೆಯ ಒಂದೇ ಬದಿಗೆ ಇರಬಹುದು. ಇಲ್ಲವೆ ಎದುರುಬದುರು ಬದಿಗಳಿಗೆ ಚಾಚಿರಬಹುದು. ಮೊದಲನೆಯದನ್ನು ಸಿಸ್ ಎಂದೂ ಎರಡನೆಯದನ್ನು ಟ್ರಾನ್ಸ್ ಎಂದೂ ಕರೆಯುತ್ತಾರೆ. ಒಂದೇ ಬದಿಗಿದ್ದಾಗ ಉಂಗುರಗಳು ಒತ್ತೊತ್ತಾಗಿ ಓರೆಯಾಗುತ್ತವೆ. ನಿಮ್ಮ ಕೈಗಳಲ್ಲಿ ನೀವು ಮಾಡಿ ನೋಡಿದ ಓರೆಯೇ ಬರುತ್ತದೆ. ಟ್ರಾನ್ಸ್ ಆದಾಗ ಅಣು ಹಲಗೆಯಂತೆ ಉದ್ದಕ್ಕೆ ಚಪ್ಪಟೆಯಾಗುತ್ತದೆ, ಪೊಟರೆಗೆ ಹೊಂದುವುದಿಲ್ಲ, ಶಕ್ತಿ ಬಹಳ ಕುಗ್ಗುತ್ತದೆ. ದುರದೃಷ್ಟವೆಂದರೆ ಬೆಳಕು ಬಿಸಿಗಳಿಗೆ ಸಿಕ್ಕಿ ಸಿಸ್ ಅಣು ಟ್ರಾನ್ಸ್ ಆಗಿ ತಿರುಗಿಕೊಳ್ಳುವುದುಂಟು. ಶೀಷೆಯೊಳಗೆ ಇದ್ದ ಹಾಗೆಯೇ ಔಷಧ ಔಷಧವಲ್ಲದುದಾಗಿಬಿಡುತ್ತದೆ.

ಪರಿಹಾರವಾಗಿ ರಸಾಯನಜ್ಞರು ಸೇತುವೆಯನ್ನೇ ಬದಲಾಯಿಸಿದರು. ಎರಡು ಇಂಗಾಲಗಳಿಗೆ ಬದಲು ಆಮ್ಲಜನಕ ಹೊತ್ತ ಒಂದೇ ಇಂಗಾಲವನ್ನು ಎರಡು ಉಂಗುರಗಳ ನಡುವೆ ಇಟ್ಟರೆ ಸಿಸ್ ಟ್ರಾನ್ಸ್‌ಗಳ ಪ್ರಶ್ನೆಯೇ ಏಳುವುದಿಲ್ಲ. ಪೆಟಿಟ್ ಅವರ ಬಳಗ 1998ರಲ್ಲಿ ಹೀಗೆ ಮಾಡಿದ ಫೆನ್‌ಸ್ಟಾಟಿನ್ ಎಂಬ ವಸ್ತು ಟ್ಯೂಬುಲಿನ್ನನ್ನು ಚೆನ್ನಾಗಿಯೇ ಹಿಡಿಯಿತು. ಈ ಚೌಕಟ್ಟಿಗೆ, ಎಂದರೆ ನಡುವೆ ಒಂದು ಇಂಗಾಲ-ಆಮ್ಲಜನಕ, ಆಚೀಚೆ ಒಂದೊಂದು ಆರರ ಉಂಗುರ, ಬೆಂಜೋಫಿನೋನ್ ಎಂದು ಹೆಸರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿಯುವ ಹುಡುಗರು ಮಾಡಬಹುದಾದಷ್ಟು ಸಾಮಾನ್ಯ ವಸ್ತು.

ಇಲ್ಲಿಗೆ ನಾವು ಸುತ್ತಿ ಬಳಸಿ ಮೈಸೂರಿಗೇ ಬಂದೆವು. ನಮ್ಮ ಯುವರಾಜ ಕಾಲೇಜಿನ ರಸಾಯನಜ್ಞೆ ಶೌಕತ್ ಆರಾ ಖಾನಂ ಅವರು ಈ ಬೆಂಜೋಫಿನೋನ್ ಚೌಕಟ್ಟಿನ ಮೇಲೆ ಬಹುಕಾಲ ದುಡಿದವರು. ಉಂಗುರದ ಈ ಮೂಲೆಯಲ್ಲಿ ಒಂದು ಗೊಂಚಲು, ಆ ಮೂಲೆಯಲ್ಲಿ ಇನ್ನೊಂದು ಎಂದು ಬದಲಾಯಿಸಿ, ಒಂದೇ ಚೌಕಟ್ಟಿನ ಅನೇಕ ವಸ್ತುಗಳನ್ನು ಮಾಡುವುದು, ಮಾಡಿದುದನ್ನು ಜೀವಶಾಸ್ತ್ರಜ್ಞರ ಕೈಗೆ ಕೊಟ್ಟು ಪರೀಕ್ಷಿಸುವುದು. ಅವರೂ ಮಾನಸಗಂಗೋತ್ರಿಯ ಭಾರತಿ ಸಾಲಿಮಠ, ಬಿ. ಟಿ. ಪ್ರಭಾಕರ್ ಮೊದಲಾದವರೂ ಕೂಡಿ, ಇಲಿಯ ಹೊಟ್ಟೆಯಲ್ಲಿ ಬೆಳೆಸುವ ಎರ್ಲಿಕ್ ಅರ್ಬುದದ ಮೇಲೆ ಇಂತಹ ವಸ್ತುಗಳ ಪ್ರಭಾವವನ್ನು 2006ರಲ್ಲಿ ಪ್ರಕಟಿಸಿದರು. ಅವರು ಮುಖ್ಯವಾಗಿ ನೋಡಿದುದು ಕದಿರನ್ನಲ್ಲ. ಕೋಶಗಳು ತಾವಾಗಿ ಸಾಯುವುದನ್ನು, ಅರ್ಬುದಕ್ಕೆ ರಕ್ತವೊಯ್ಯುವ ಹೊಸ ನಾಳಗಳ ಬೆಳವಣಿಗೆ ಕುಗ್ಗುವುದನ್ನು. ಆದ್ದರಿಂದ ಇದನ್ನು ನೇರವಾಗಿ ಗೌರಿ ಹೂವಿನ ಸಂತತಿಯೆಂದು ನಾನು ಹೇಳಲಾರೆ. ಚೌಕಟ್ಟು ಒಂದೇ ಆಗಿ, ಗೊಂಚಲುಗಳ ಜಾಗ ಬೇರೆಯಾದರೆ ಅಣು ಬೇರೆ ಬಾಗಿಲನ್ನೇ ತಟ್ಟಬಹುದು. ಇಲಿಯಲ್ಲಿ ಕಂಡುದು ಮನುಷ್ಯನಲ್ಲಿ ಕಾಣಲು ಇನ್ನೂ ಎಷ್ಟೋ ಮೆಟ್ಟಿಲುಗಳಿವೆಯೆಂಬುದನ್ನು ನಮ್ಮ ವೃತ್ತಪತ್ರಿಕೆಗಳು ಮಾತ್ರ ಏಕೋ ಮರೆತುಬಿಡುತ್ತವೆ.

ಆ ಮೆಟ್ಟಿಲುಗಳಲ್ಲಿ ಏನಾಗುತ್ತದೆಂಬುದಕ್ಕೆ ಕಾಂಬ್ರಿಟಾಸ್ಟಾಟಿನ್ನಿನ ಕಥೆಯೇ ಸಾಕು. ನೀರಿನಲ್ಲಿ ಕರಗಲೆಂದು ಅದಕ್ಕೊಂದು ಫಾಸ್ಫೇಟ್ ಜೋಡಿಸಿ ರೋಗಿಗಳಿಗೆ ಕೊಟ್ಟು ನೋಡಿದರು. ಅರ್ಬುದದೊಳಗಿನ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಗಳು. ಅವುಗಳ ಕೋಶಗಳು ತಮ್ಮ ಆಕಾರ ಉಳಿಸಿಕೊಳ್ಳಲು ಟ್ಯೂಬುಲಿನ್ ನಳಿಗೆಗಳನ್ನೇ ನೆಚ್ಚಿರುತ್ತವೆ. ಔಷಧ ಒಳಸೇರಿದ ಸ್ವಲ್ಪ ಹೊತ್ತಿನಲ್ಲೇ ಆ ನಾಳಗಳು ಕುಸಿದು, ಅರ್ಬುದದ ನಡುಭಾಗ ರಕ್ತವಿಲ್ಲದೆ ಸತ್ತಿತು. ನೋಡಿದವರು ಬೆರಗಾದರು. ಆದರೆ ಅಂಚಿನ ಒಂದು ಪದರಕ್ಕೆ ಪಕ್ಕದ ಆರೋಗ್ಯವಂತ ಅಂಗಾಂಶದಿಂದ ರಕ್ತ ಬರುತ್ತಿದ್ದುದರಿಂದ ಅದು ಉಳಿದುಕೊಂಡು ಮತ್ತೆ ಬೆಳೆಯಿತು. ರಕ್ತದೊತ್ತಡ ಏರುವ, ಹೃದಯಕ್ಕೆ ತೊಂದರೆಯಾಗುವ ಲಕ್ಷಣಗಳೂ ಕಂಡುವು. ಅಂಡಾಶಯದ ಕ್ಯಾನ್ಸರಿನ ಮೇಲೆ ನಡೆಯುತ್ತಿದ್ದ ದೊಡ್ಡ ಪರೀಕ್ಷೆಯೊಂದನ್ನು 2017ರಲ್ಲಿ ನಿಲ್ಲಿಸಲಾಯಿತು. ಅಣು ಎಷ್ಟೇ ಸೊಗಸಾಗಿರಲಿ, ಅದು ಅಂಗಡಿಗೆ ಬರುವ ಔಷಧವಾಗಲಿಲ್ಲ.

ಸರಳಗೊಳಿಸಿದ ವಿಷ ಔಷಧವಾಗಿ ಗೆದ್ದುದೂ ಉಂಟು. 1986ರಲ್ಲಿ ಜಪಾನಿನವರು ಕಡಲ ಸ್ಪಂಜಿನಿಂದ ಪಡೆದ ಹ್ಯಾಲಿಕಾಂಡ್ರಿನ್ ಎಂಬ ದೈತ್ಯ ಅಣುವಿನಲ್ಲಿ ಕೆಲಸ ಮಾಡುವುದು ಒಂದು ಪಾರ್ಶ್ವ ಮಾತ್ರವೆಂದು ತಿಳಿದು, ಉಳಿದುದನ್ನು ಬಿಟ್ಟು ಮಾಡಿದ ಎರಿಬುಲಿನ್ 2010ರಿಂದ ಸ್ತನದ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಅದೂ ಟ್ಯೂಬುಲಿನ್ನಿನ ವೈರಿಯೇ.

ಎಲ್ಲ ವಿಷವೂ ಕತ್ತರಿಗೆ ಹೀಗೆ ಒಗ್ಗುವುದಿಲ್ಲ. ನಮ್ಮ ಪಶ್ಚಿಮಘಟ್ಟದಲ್ಲಿ, ಹೂವಿನ ನಾತದಿಂದ ದುರ್ವಾಸನೆ ಮರವೆಂದು ಹೆಸರಾದ ಒಂದು ಸಣ್ಣ ಮರವಿದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಿಷವಿರುವುದನ್ನು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಐದು ಉಂಗುರಗಳು ಸಾಲಾಗಿ, ಚಪ್ಪಟೆಯಾಗಿ ಜೋಡಿಸಿದ ಅಣು. ಕೊನೆಯ ಉಂಗುರವೇ ಅದರ ಜೀವಾಳ. ನೀರಿನಲ್ಲಿ ಕರಗುವುದಿಲ್ಲವೆಂದು ಆ ಐದನೆಯ ಉಂಗುರವನ್ನು ಬಿಚ್ಚಿ ಉಪ್ಪು ಮಾಡಿ ಅಮೆರಿಕದಲ್ಲಿ ರೋಗಿಗಳಿಗೆ ಕೊಟ್ಟರು. ಅರ್ಬುದದ ಮೇಲಿನ ಹಿಡಿತ ಸಡಿಲವಾಯಿತು, ಮೂತ್ರಕೋಶದಲ್ಲಿ ರಕ್ತಸ್ರಾವವಾಯಿತು, ಪ್ರಯೋಗ ನಿಂತಿತು. ಮುಂದೆ ಉಂಗುರಗಳಲ್ಲಿ ಒಂದನ್ನೂ ಮುಟ್ಟದೆ, ಅಂಚಿನಲ್ಲಿ ಹೊಸ ಗೊಂಚಲುಗಳನ್ನು ಸೇರಿಸಿದಾಗ ಟೊಪೊಟೀಕಾನ್, ಇರಿನೊಟೀಕಾನ್ ಎಂಬ ಎರಡು ಔಷಧಗಳು ಹುಟ್ಟಿದುವು. ಅಲ್ಲಿ ತೆಗೆದು ಗೆದ್ದರು, ಇಲ್ಲಿ ಕೂಡಿಸಿ ಗೆದ್ದರು. ಮರದ ಮೇಲೆ ಬಿದ್ದ ಕಾಸಿನ ಕಣ್ಣಿನಿಂದ ಘಟ್ಟದಲ್ಲಿ ಎಷ್ಟೋ ದುರ್ವಾಸನೆ ಮರಗಳು ಉರುಳಿದುವು, ಅದು ಇನ್ನೊಂದು ದಿನದ ಮಾತು.

ರೈತರ ಬಳಿಗೆ ಹಿಂದಿರುಗೋಣ. ಇಷ್ಟನ್ನೂ ನಾನು ಅವರಿಗೆ ಹೇಳಲಿಲ್ಲವೆನ್ನಿ. ಅವರ ಅಂಗಿಯ ಜೇಬಿನಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಕೇಳಿ ತೆಗೆಸಿದೆ. ಅವರ ತಾಯಿಗೆ ಕೊಡುತ್ತಿದ್ದ ಔಷಧಗಳಲ್ಲಿ ಒಂದು ವಿನ್‌ಕ್ರಿಸ್ಟೀನ್. ನಮ್ಮ ಹಿತ್ತಲಲ್ಲೇ ಕಾಶಿಕಣಗಿಲೆ ಅರಳಿತ್ತು. ಕೆಲವರು ನಿತ್ಯಪುಷ್ಪ ಎನ್ನುವರಲ್ಲ, ಅದೇ ಗಿಡ. ಅದನ್ನು ತೋರಿಸಿ, "ನಿಮ್ಮವ್ವನಿಗೆ ಕೊಡ್ತಾ ಇರೋದು ಈ ಗಿಡದ ವಿಷವನ್ನೇ" ಎಂದೆ. ಅವರು ನಂಬಲಿಲ್ಲ. ಈ ಗಿಡದಲ್ಲಿ ಎರಡು ವಿಷಗಳಿವೆ, ವಿನ್‌ಬ್ಲಾಸ್ಟೀನ್ ಮತ್ತು ವಿನ್‌ಕ್ರಿಸ್ಟೀನ್. ಎರಡರಲ್ಲಿಯೂ ನೂರಹತ್ತಕ್ಕೂ ಮೀರಿದ ಪರಮಾಣುಗಳು. ವ್ಯತ್ಯಾಸವೆಂದರೆ ಒಂದು ಮೂಲೆಯಲ್ಲಿ ಎರಡು ಜಲಜನಕಗಳ ಜಾಗದಲ್ಲಿ ಒಂದು ಆಮ್ಲಜನಕ. ಅಷ್ಟಕ್ಕೇ ಮೊದಲನೆಯದು ಮಜ್ಜೆಯನ್ನು ಹೆಚ್ಚಾಗಿ ಕಾಡುತ್ತದೆ, ಎರಡನೆಯದು ನರಗಳನ್ನು. ನರಗಳ ಒಳಗೂ ಸರಕು ಸಾಗುವುದು ಟ್ಯೂಬುಲಿನ್ ನಳಿಗೆಗಳ ಮೇಲೆಯೇ. ಆ ತಾಯಿಯ ಬೆರಳ ತುದಿ ಜೋಮು ಹಿಡಿದುದು ಆ ಒಂದು ಆಮ್ಲಜನಕದ ಕಾರಣದಿಂದ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಒಂದು ಸಲಕ್ಕೆ ಎರಡು ಮಿಲಿಗ್ರಾಂ ಮೀರದಂತೆ ತೂಗಿ, ಮುಂದಿನ ಸಲ ರಕ್ತ ಪರೀಕ್ಷಿಸಿ ನೋಡಿ, ಹೆಚ್ಚು ಕಡಮೆ ಮಾಡಿ ಕೊಡುವ ಕದಿರಿನ ವಿಷವೊಂದು ಆಕೆಯ ದೇಹದಲ್ಲಿ ಆಗಲೇ ಕೆಲಸ ಮಾಡುತ್ತಿತ್ತು. ಅದರ ಮೇಲೆ, ಎಷ್ಟಿದೆಯೆಂದು ಯಾರಿಗೂ ತಿಳಿಯದ, ಹಿಡಿದರೆ ಬಿಡದ ಇನ್ನೊಂದು ಕದಿರಿನ ವಿಷವನ್ನು ಕಲ್ಲಿನ ಮೇಲೆ ತೇಯ್ದು ಕುಡಿಸುವುದೆಂದರೇನು? ಇಷ್ಟು ಹೇಳಿದಾಗ ಅವರು ಚೀಲದ ಬಾಯಿ ಕಟ್ಟಿದರು. ಬೆರಳ ಜೋಮಿನ ವಿಷಯ ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿರಲಿಲ್ಲ, ದೊಡ್ಡವರ ಹೊತ್ತು ಹಾಳು ಮಾಡಬಾರದೆಂದು ಆಕೆ ತಾನೇ ಸುಮ್ಮನಿದ್ದಳಂತೆ. ಮುಂದಿನ ಸಲ ಮೊದಲು ಅದನ್ನೇ ಹೇಳಿ, ಅವರು ಅಳತೆ ಇಳಿಸಬಹುದು ಎಂದೆ.

"ಹಂಗಾದ್ರೆ ಇವನ್ನ ಎಲ್ಲಿ ಹಾಕ್ಲಿ ಮೇಷ್ಟ್ರೇ?" ಎಂದು ಕೇಳಿದರು. ತಿಪ್ಪೆಗೆ ಹಾಕಬೇಡಿ, ದನ ಕರು ಬಾಯಿ ಹಾಕಿಯಾವು ಎಂದು, ನಮ್ಮ ಕಾಂಪೌಂಡಿನ ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ, ಇಬ್ಬರೂ ಸೇರಿ ಹೂಳಿದೆವು. ಸೋಪು ಹಚ್ಚಿ ಕೈ ತೊಳೆದುಕೊಂಡು, ಕಾಫಿ ಕುಡಿದು, ಅವರು ಸಂಜೆಯ ಕೋಟೆ ಬಸ್ಸಿಗೆ ಹೊರಟರು. ಆ ತಾಯಿ ಚಿಕಿತ್ಸೆ ಪೂರ್ತಿ ಮುಗಿಸಿ, ಆಮೇಲೆ ಎರಡು ಗೌರಿ ಹಬ್ಬಗಳನ್ನು ಕಂಡರೆಂದು ನನ್ನ ವಿದ್ಯಾರ್ಥಿ ಹೇಳಿದ.